ಬೆತ್ತದಿಂದ ಕಲಿಯುವವರು ಯಾರು?

ಹಸಿದ ಬೆಕ್ಕೊಂದನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅದರ ಕಣ್ಣಿಗೆ ಕಾಣುವಂತೆ ಹೊರಗೆ ಮೀನಿನ ತುಂಡೊಂದನ್ನು ಇಟ್ಟರೆ ಏನಾದೀತು? ಬೆಕ್ಕು ಪಟ್ಟಿಗಳನ್ನು ಪರಚುತ್ತದೆ, ಸಂದಿಯಲ್ಲಿ ಮೂತಿ ತೂರಿಸುತ್ತದೆ, ಕಚ್ಚುತ್ತದೆ, ಕೂಗುತ್ತದೆ. ಹೀಗೆ ಒದ್ದಾಡುವಾಗ ಒಳಗೆ ಇಳಿಬಿಟ್ಟಿರುವ ದಾರದ ಕುಣಿಕೆಗೆ ಅದರ ಕಾಲು ಆಕಸ್ಮಿಕವಾಗಿ ತಗಲುತ್ತದೆ. ಅಗುಳಿ ಸರಿದು ಬಾಗಿಲು ತೆರೆದುಕೊಳ್ಳುತ್ತದೆ. ಬೆಕ್ಕಿಗೆ ಬಿಡುಗಡೆಯೂ ಆಯಿತು, ಮೀನೂ ಸಿಕ್ಕಿತು.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಇಂಥ ಪೆಟ್ಟಿಗೆಗಳನ್ನು ತಾವೇ ಜೋಡಿಸಿ, ಒಂದೇ ಬೆಕ್ಕನ್ನು ಮತ್ತೆ ಮತ್ತೆ ಒಳಗೆ ಬಿಟ್ಟು, ಅದು ಹೊರಬರಲು ತೆಗೆದುಕೊಳ್ಳುವ ಸಮಯವನ್ನು ಗಡಿಯಾರ ಹಿಡಿದು ಅಳೆದರು. ಅದನ್ನೇ 1898ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವಾಗಿ ಒಪ್ಪಿಸಿದರು. ಬೆಕ್ಕು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಬೇಗ ಹೊರಬರುತ್ತಿತ್ತು. ನಡುವೆ ಒಮ್ಮೊಮ್ಮೆ ಹೆಚ್ಚು ಹೊತ್ತು ಹಿಡಿಯುತ್ತಿದ್ದುದೂ ಉಂಟು. ಬೆಕ್ಕಿಗೆ ಉಪಾಯ ಹೊಳೆದಿದ್ದರೆ ನಕ್ಷೆಯ ಗೆರೆ ಒಮ್ಮೆಲೇ ಕೆಳಗೆ ಬೀಳಬೇಕಿತ್ತು, ಹಾಗಾಗಲಿಲ್ಲ. ಉಪಯೋಗಕ್ಕೆ ಬಾರದ ಪರಚಾಟ, ಕೂಗಾಟಗಳು ಒಂದೊಂದಾಗಿ ಉದುರಿ, ಫಲ ಕೊಟ್ಟ ಚಲನೆ ಮಾತ್ರ ಉಳಿದುಕೊಂಡಿತು. ತೃಪ್ತಿ ತಂದ ಕ್ರಿಯೆ ಅದೇ ಸನ್ನಿವೇಶದಲ್ಲಿ ಮತ್ತೆ ಮೂಡುವ ಸಂಭವ ಹೆಚ್ಚು, ಅಹಿತ ತಂದ ಕ್ರಿಯೆ ಮೂಡುವ ಸಂಭವ ಕಡಿಮೆ ಎಂದು ಥಾರ್ನ್‌ಡೈಕ್ ತೀರ್ಮಾನಿಸಿದರು. ಇದೇ 1911ರ ಅವರ ಪುಸ್ತಕದಲ್ಲಿರುವ ‘ಪರಿಣಾಮ ನಿಯಮ’. ಬಿ.ಇಡಿ. ಮಾಡಿದ ಪ್ರತಿಯೊಬ್ಬರೂ ಪರೀಕ್ಷೆಗಾಗಿ ಒಮ್ಮೆಯಾದರೂ ಉರುಹೊಡೆದಿರುವ ನಿಯಮ ಅದು.

ಒಂದು ಕೈಯಲ್ಲಿ ಬಹುಮಾನ, ಇನ್ನೊಂದರಲ್ಲಿ ಬೆತ್ತ. ದಂಡಂ ದಶಗುಣಂ ಎಂದು ನಂಬಿದ್ದ ಹಿರಿಯರಿಗೆ ವಿಜ್ಞಾನವೂ ತಲೆದೂಗಿದಂತಾಯಿತು. ಆದರೆ ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ 1911ಕ್ಕೇ ಪುಸ್ತಕ ಮುಚ್ಚಿಬಿಡುತ್ತಾರೆ. ಥಾರ್ನ್‌ಡೈಕ್ ಅಲ್ಲಿಗೆ ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳ ನಂತರ ಅವರು ಮನುಷ್ಯರ ಮೇಲೆ ಸರಳವಾದ ಪ್ರಯೋಗಗಳನ್ನು ನಡೆಸಿದರು. ಪರಿಚಯವಿಲ್ಲದ ಪದವೊಂದನ್ನು ತೋರಿಸಿ, ಕೊಟ್ಟಿರುವ ಕೆಲವು ಅರ್ಥಗಳಲ್ಲಿ ಒಂದನ್ನು ಆರಿಸಲು ಹೇಳುವುದು. ಆರಿಸಿದ ಕೂಡಲೇ ‘ಸರಿ’ ಅಥವಾ ‘ತಪ್ಪು’ ಎನ್ನುವುದು. ಅದೇ ಪಟ್ಟಿಯನ್ನು ಮತ್ತೆ ಕೊಡುವುದು. ‘ಸರಿ’ ಎನಿಸಿಕೊಂಡ ಉತ್ತರಗಳು ಮುಂದಿನ ಸುತ್ತಿನಲ್ಲಿ ಗಟ್ಟಿಯಾಗಿ ಮರಳಿ ಬಂದವು. ‘ತಪ್ಪು’ ಎನಿಸಿಕೊಂಡವು ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕಿತ್ತಲ್ಲವೆ? ಆಗಲಿಲ್ಲ. 1930ರ ದಶಕದ ಆರಂಭದಲ್ಲಿ ಥಾರ್ನ್‌ಡೈಕ್ ತಮ್ಮ ನಿಯಮದ ಅರ್ಧ ಭಾಗವನ್ನು ತಾವೇ ಹಿಂತೆಗೆದುಕೊಂಡರು. ತೃಪ್ತಿ ಬಂಧವನ್ನು ಬಲಪಡಿಸುತ್ತದೆ. ಅಹಿತವು ಅದನ್ನು ಅಷ್ಟೇ ನೇರವಾಗಿ ಸಡಿಲಿಸುವುದಿಲ್ಲ. ಹೆಸರು ತಂದುಕೊಟ್ಟ ನಿಯಮವನ್ನೇ ಹೀಗೆ ಕತ್ತರಿಸಿ ಚಿಕ್ಕದು ಮಾಡುವ ಪ್ರಾಮಾಣಿಕತೆ ವಿಜ್ಞಾನಿಗಳಲ್ಲೂ ಅಪರೂಪ.

ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯ ಪೆಟ್ಟಿಗೆಯಲ್ಲಿಟ್ಟು ನೋಡಿದವರು ಬಿ.ಎಫ್. ಸ್ಕಿನ್ನರ್ (1904–1990). ಅವರ ಪೆಟ್ಟಿಗೆಯಲ್ಲಿ ಇಲಿ ಹೊರಬರಬೇಕಾಗಿಲ್ಲ. ಗೋಡೆಯಲ್ಲಿರುವ ಸನ್ನೆಯನ್ನು ಒತ್ತಿದರೆ ಆಹಾರದ ಗುಳಿಗೆಯೊಂದು ತಟ್ಟೆಗೆ ಬೀಳುತ್ತದೆ. ಪ್ರತಿ ಒತ್ತಿಗೂ, ನಿಧಾನವಾಗಿ ಸರಿಯುವ ಕಾಗದದ ಮೇಲೆ ಲೇಖನಿ ಒಂದು ಮೆಟ್ಟಿಲು ಮೇಲೇರುತ್ತದೆ. ಇಲಿ ಚುರುಕಾಗಿ ಒತ್ತಿದರೆ ಗೆರೆ ಕಡಿದಾಗಿ ಏರುತ್ತದೆ, ಸುಮ್ಮನೆ ಕುಳಿತರೆ ಮಟ್ಟಸವಾಗಿ ಸಾಗುತ್ತದೆ. ವರ್ತನೆಯನ್ನು ಹೀಗೆ ಕಣ್ಣಿಗೆ ಕಾಣುವ ಇಳಿಜಾರನ್ನಾಗಿ ಮಾಡಿದ್ದು ಸ್ಕಿನ್ನರ್ ಅವರ ದೊಡ್ಡ ಜಾಣ್ಮೆ. ಕ್ರಿಯೆಯ ಫಲದಿಂದ ಆ ಕ್ರಿಯೆಯೇ ರೂಪುಗೊಳ್ಳುವ ಈ ಕಲಿಕೆಗೆ ಪಠ್ಯಪುಸ್ತಕಗಳು ‘ಕ್ರಿಯಾಜನ್ಯ ಅನುಬಂಧನ’ ಎಂಬ ಭಾರವಾದ ಹೆಸರನ್ನು ಕೊಟ್ಟಿವೆ.

ಇಲ್ಲಿ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವ ಒಂದು ಜಾಗವಿದೆ. ಒಂದು ಕ್ರಿಯೆ ಮುಂದೆ ಹೆಚ್ಚುವಂತೆ ಮಾಡುವ ಯಾವುದೇ ಫಲಕ್ಕೆ ‘ಪುನರ್ಬಲನ’ ಎಂದು ಹೆಸರು. ಏನನ್ನೋ ಕೊಡುವುದರಿಂದ ಕ್ರಿಯೆ ಹೆಚ್ಚಿದರೆ ಧನಾತ್ಮಕ ಪುನರ್ಬಲನ, ಏನನ್ನೋ ತೆಗೆಯುವುದರಿಂದ ಹೆಚ್ಚಿದರೆ ಋಣಾತ್ಮಕ ಪುನರ್ಬಲನ. ಧನ, ಋಣ ಎಂಬುವು ಇಲ್ಲಿ ಗಣಿತದ ಕೂಡು-ಕಳೆ ಚಿಹ್ನೆಗಳೇ ಹೊರತು ಒಳ್ಳೆಯದು-ಕೆಟ್ಟದ್ದು ಎಂಬರ್ಥದವಲ್ಲ. ಕಾರಿನಲ್ಲಿ ಬೆಲ್ಟು ಹಾಕಿಕೊಂಡೊಡನೆ ಕೀಂ ಕೀಂ ಸದ್ದು ನಿಲ್ಲುತ್ತದೆ. ಆ ನೆಮ್ಮದಿಗಾಗಿಯೇ ಬೆಲ್ಟು ಹಾಕಿಕೊಳ್ಳುವುದು ರೂಢಿಯಾಗುತ್ತದೆ. ಅದು ಋಣಾತ್ಮಕ ಪುನರ್ಬಲನ. ಶಿಕ್ಷೆಯೆಂದರೆ ಇದಕ್ಕೆ ತದ್ವಿರುದ್ಧ: ಕ್ರಿಯೆಯನ್ನು ಕಡಿಮೆ ಮಾಡುವ ಫಲ. ಇವೆರಡನ್ನೂ ಒಂದೇ ಎಂದು ಬರೆದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ವ್ಯಾಖ್ಯೆಗಳಲ್ಲಿ ಕೊಡುವವರ ಉದ್ದೇಶಕ್ಕೆ ಜಾಗವೇ ಇಲ್ಲ. ಬಹುಮಾನವೋ ಶಿಕ್ಷೆಯೋ ಎಂಬುದನ್ನು ನಿರ್ಧರಿಸುವುದು ಅದರ ಪರಿಣಾಮ ಮಾತ್ರ. ಬೀಜಗಣಿತ ತಲೆಗೆ ಹತ್ತದ ಹುಡುಗ ತರಲೆ ಮಾಡಿದ. ಮೇಷ್ಟ್ರು ಅವನನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರು. ಹೊರಗೆ ತಂಪಾದ ಗಾಳಿ, ಮೈದಾನದಲ್ಲಿ ಕಬಡ್ಡಿ. ಮರುದಿನ ಅದೇ ಪೀರಿಯಡ್ಡಿನಲ್ಲಿ ಅವನ ತರಲೆ ಇನ್ನಷ್ಟು ಹೆಚ್ಚಿದರೆ ನಡೆದದ್ದು ಶಿಕ್ಷೆಯಲ್ಲ. ಬೀಜಗಣಿತದಿಂದ ಬಿಡುಗಡೆ ಎಂಬ ಋಣಾತ್ಮಕ ಪುನರ್ಬಲನ.

ಹಾಗಾದರೆ ನಿಜವಾಗಿಯೂ ನೋಯಿಸುವ ಶಿಕ್ಷೆ? 1938ರ ತಮ್ಮ ಪುಸ್ತಕದಲ್ಲಿ ಸ್ಕಿನ್ನರ್ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಸನ್ನೆ ಒತ್ತಲು ಕಲಿತ ಇಲಿಗಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಗುಳಿಗೆ ಬೀಳುವುದನ್ನು ನಿಲ್ಲಿಸಲಾಯಿತು. ಒಂದು ಗುಂಪಿಗೆ ಅಷ್ಟೇ. ಇನ್ನೊಂದು ಗುಂಪಿಗೆ ಆರಂಭದ ಕೆಲವು ನಿಮಿಷ, ಒತ್ತಿದಾಗಲೆಲ್ಲ ಸನ್ನೆಯೇ ಚಿಮ್ಮಿ ಮುಂಗಾಲಿಗೆ ಏಟು ಕೊಡುತ್ತಿತ್ತು. ಏಟು ತಿಂದ ಇಲಿಗಳು ಕೂಡಲೇ ಸನ್ನೆಯ ಸಹವಾಸ ಬಿಟ್ಟವು. ಆ ಮೊದಲ ಅರ್ಧ ಗಂಟೆಯನ್ನಷ್ಟೇ ನೋಡಿದವರು ಏಟಿಗೆ ಜಯವಾಯಿತು ಎಂದೇ ಬರೆದುಕೊಳ್ಳುತ್ತಿದ್ದರು. ಆದರೆ ಏಟು ನಿಂತ ಮೇಲೆ ಅವು ಮೆಲ್ಲನೆ ಮರಳಿ ಬಂದು ಒತ್ತತೊಡಗಿದವು. ಎರಡನೆಯ ದಿನ ಮುಗಿಯುವ ಹೊತ್ತಿಗೆ ಎರಡೂ ಗುಂಪುಗಳ ಒಟ್ಟು ಒತ್ತುಗಳು ಹೆಚ್ಚುಕಡಿಮೆ ಸಮವಾಗಿದ್ದವು. ಏಟು ಅಭ್ಯಾಸವನ್ನು ಅಳಿಸಿರಲಿಲ್ಲ. ಸ್ವಲ್ಪ ಕಾಲ ಅದುಮಿಟ್ಟಿತ್ತು, ಅಷ್ಟೆ. 1944ರಲ್ಲಿ ವಿಲಿಯಂ ಎಸ್ಟೆಸ್ ವಿದ್ಯುತ್ ಆಘಾತ ಬಳಸಿ ಇದನ್ನೇ ಇನ್ನಷ್ಟು ವಿಸ್ತಾರವಾಗಿ ಪರೀಕ್ಷಿಸಿದಾಗಲೂ ಲಘುವಾದ ಶಿಕ್ಷೆಯ ಪ್ರಭಾವ ತಾತ್ಕಾಲಿಕವೆಂದೇ ಕಂಡಿತು.

ಆದರೆ ಶಿಕ್ಷೆಯಿಂದ ಎಂದೂ ಏನೂ ಆಗದು ಎಂದು ಹೇಳಿದರೆ ಅದೂ ಪೂರ್ತಿ ಸತ್ಯವಲ್ಲ. 1960ರ ದಶಕದಲ್ಲಿ ನೇಥನ್ ಅಜ್ರಿನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳ ಪ್ರಕಾರ ಶಿಕ್ಷೆ ಒಂದು ವರ್ತನೆಯನ್ನು ದೀರ್ಘಕಾಲ ತಡೆಹಿಡಿಯಬಲ್ಲದು. ಅದಕ್ಕೆ ಷರತ್ತುಗಳುಂಟು: ಮೊದಲಿನಿಂದಲೇ ತೀವ್ರವಾಗಿರಬೇಕು, ಕ್ರಿಯೆಯ ಬೆನ್ನಿಗೇ ಬರಬೇಕು, ಒಮ್ಮೆಯೂ ತಪ್ಪಬಾರದು. ಪಾರಿವಾಳದ ಪೆಟ್ಟಿಗೆಯಲ್ಲಿ ಇದು ಸಾಧ್ಯ. ಮನೆಯಲ್ಲಿ ಇದನ್ನು ಪಾಲಿಸಲು ಹೊರಟರೆ ಅದಕ್ಕೆ ಕ್ರೌರ್ಯ ಎಂಬುದರ ಹೊರತು ಬೇರೆ ಹೆಸರಿಲ್ಲ.

ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದಾದರೂ ಏನು? ಮಗ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯಲ್ಲಿ ಜಾಮಿಟ್ರಿ ಪೆಟ್ಟಿಗೆ ಕಳೆದುಕೊಂಡ. ರಾತ್ರಿ ಎಂಟಕ್ಕೆ ತಂದೆ ಮನೆಗೆ ಬಂದಾಗ ಹತ್ತಿರ ಹೋಗಿ, ‘ಅಪ್ಪಾ, ಕಂಪಾಸು ಕಳೆದುಹೋಯಿತು’ ಎಂದ. ಕೆನ್ನೆಗೆ ಬಿತ್ತು. ತಂದೆಯ ಲೆಕ್ಕದಲ್ಲಿ ಇದು ಅಜಾಗ್ರತೆಗೆ ಕೊಟ್ಟ ಶಿಕ್ಷೆ. ಆದರೆ ಏಟಿಗೆ ತೀರ ಹತ್ತಿರವಿದ್ದ ಕ್ರಿಯೆ ಯಾವುದು? ಕಳೆದುಕೊಂಡದ್ದು ಆರು ಗಂಟೆ ಹಿಂದೆ. ನಿಜ ಹೇಳಿದ್ದು ಆಗತಾನೇ. ಮುಂದಿನ ಸಲ ಅವನು ಕಂಪಾಸನ್ನು ಜೋಪಾನವಾಗಿ ಇಟ್ಟುಕೊಳ್ಳುವನೋ ಇಲ್ಲವೋ, ಕಳೆದುಹೋದರೆ ಹೇಳುವುದಂತೂ ಅನುಮಾನ. ಎಸ್ಸೆಸ್ಸೆಲ್ಸಿಯವರೆಗೂ ಎಲ್ಲವನ್ನೂ ಹೇಳುತ್ತಿದ್ದ ಹುಡುಗ ಪಿ.ಯು.ಸಿ.ಯಲ್ಲಿ ಫೇಲಾದ ವಿಷಯವನ್ನು ಮುಚ್ಚಿಟ್ಟ ಎಂದು ತಂದೆತಾಯಿ ಅಚ್ಚರಿಪಡುವಾಗ, ಆ ಪಾಠ ಎಂದು, ಯಾರಿಂದ ಆಯಿತು ಎಂದು ಹುಡುಕಿದರೆ ಹಳೆಯ ದಿನಗಳಲ್ಲಿ ಎಲ್ಲೋ ಸಿಕ್ಕೀತು.

ಇಷ್ಟೆಲ್ಲ ಗೊತ್ತಿದ್ದೂ ಹೊಡೆಯುವುದು ಏಕೆ ನಿಲ್ಲುವುದಿಲ್ಲ? ಇದಕ್ಕೆ ಉತ್ತರ ಹುಡುಕಬೇಕಾದದ್ದು ಹೊಡೆಸಿಕೊಳ್ಳುವವರಲ್ಲಿ ಅಲ್ಲ, ಹೊಡೆಯುವವರಲ್ಲಿ. ಐವತ್ತು ಮಕ್ಕಳ ತರಗತಿ ಗಲಾಟೆಯಲ್ಲಿ ಮುಳುಗಿದೆ. ಮೇಜಿನ ಮೇಲೆ ಬೆತ್ತ ಅಪ್ಪಳಿಸಿತು. ಹಿಂದಿನ ಬೆಂಚಿನ ಒಬ್ಬನಿಗೆ ಎರಡು ಬಿತ್ತು. ತಕ್ಷಣ ಸ್ತಬ್ಧ! ಕಿವಿಗೆ ಬಡಿಯುತ್ತಿದ್ದ ಗದ್ದಲ ತೊಲಗಿತು. ಬೆತ್ತ ಎತ್ತಿದ ಕ್ರಿಯೆಗೆ ಸಿಕ್ಕಿದ ಫಲ ಅದು. ಅದೂ ಒಂದು ಸೆಕೆಂಡಿನೊಳಗೆ. ಕಾರಿನ ಬೆಲ್ಟಿನಂತೆಯೇ ಇದು ಅಪ್ಪಟ ಋಣಾತ್ಮಕ ಪುನರ್ಬಲನ. ಹತ್ತು ನಿಮಿಷದ ಮೇಲೆ ಗಲಾಟೆ ಮತ್ತೆ ಶುರುವಾಗುತ್ತದೆ. ಅದರಿಂದ ಬೆತ್ತದ ಮೇಲಿನ ನಂಬಿಕೆ ಕಡಿಮೆಯಾಗುವುದಿಲ್ಲ. ಬೆತ್ತ ಮತ್ತೊಮ್ಮೆ ಏಳುತ್ತದೆ. ಆ ಕೋಣೆಯಲ್ಲಿ ನಿಯಮಬದ್ಧವಾಗಿ ತರಬೇತಿ ಪಡೆಯುತ್ತಿರುವವರು ಉಪಾಧ್ಯಾಯರೇ. ಶಿಕ್ಷೆ ಕೊಡುವವರಿಗೇ ಶಿಕ್ಷೆಯಿಂದ ಪುನರ್ಬಲನ ಸಿಗುತ್ತದೆ ಎಂಬುದನ್ನು ಸ್ಕಿನ್ನರ್ 1953ರಷ್ಟು ಹಿಂದೆಯೇ ಗುರುತಿಸಿದ್ದರು.

ಇದಕ್ಕೆ ಇನ್ನೊಂದು ಭ್ರಮೆಯೂ ಜೊತೆಗೂಡುತ್ತದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ತಮ್ಮ ಕಿರಿಯ ದಿನಗಳಲ್ಲಿ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಫಲಕಾರಿ ಎಂದು ಅವರು ವಿವರಿಸುತ್ತಿದ್ದಾಗ ಹಿರಿಯ ತರಬೇತುದಾರರೊಬ್ಬರು ಎದ್ದು ಆಕ್ಷೇಪಿಸಿದರು. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸಿಯೇ ತೀರುತ್ತಾನೆ. ಕೆಟ್ಟದಾಗಿ ಹಾರಿಸಿದವನಿಗೆ ಕೂಗಾಡಿದರೆ ಮುಂದಿನ ಸಲ ಸುಧಾರಿಸುತ್ತಾನೆ. ಇದು ತಮ್ಮ ಅನುಭವ ಎಂಬುದು ಅವರ ವಾದ. ಕಾಹ್ನೆಮನ್ ಅವರೊಡನೆ ವಾದಕ್ಕೆ ಇಳಿಯಲಿಲ್ಲ. ಗುರಿಯೊಂದನ್ನು ಗೊತ್ತುಮಾಡಿ, ಅದಕ್ಕೆ ಬೆನ್ನು ತಿರುಗಿಸಿ ನಿಂತು ಎರಡೆರಡು ನಾಣ್ಯಗಳನ್ನು ಹಿಂದಕ್ಕೆ ಎಸೆಯುವಂತೆ ಎಲ್ಲರಿಗೂ ಹೇಳಿದರು. ದೂರಗಳನ್ನು ಅಳೆದಾಗ, ಮೊದಲ ಎಸೆತ ಗುರಿಯ ಸಮೀಪ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯ ಎಸೆತ ಕೆಟ್ಟಿತ್ತು; ಮೊದಲನೆಯದು ದೂರ ಬಿದ್ದವರಲ್ಲಿ ಹೆಚ್ಚಿನವರದು ಸುಧಾರಿಸಿತ್ತು. ಇಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲೂ ಇಲ್ಲ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವುದು ಎನ್ನುತ್ತಾರೆ. ಕಿರುಪರೀಕ್ಷೆಯಲ್ಲಿ ಸಾಮಾನ್ಯವಾಗಿ 25ಕ್ಕೆ 15 ತೆಗೆಯುವ ಹುಡುಗಿಗೆ ಜ್ವರವೋ, ಓದದ ಪಾಠದಿಂದಲೇ ಪ್ರಶ್ನೆ ಬಂದದ್ದೋ, ಅಂತೂ ಒಂದು ಸಲ 8 ಬಂತು. ಮನೆಯಲ್ಲಿ ಬೈಗಳಾಯಿತು. ಮುಂದಿನ ಸಲ 14. ‘ನೋಡಿ, ಬೈದದ್ದಕ್ಕೆ ದಾರಿಗೆ ಬಂದಳು!’ ಇನ್ನೊಮ್ಮೆ ಅದೃಷ್ಟದಿಂದ 22 ಬಂತು, ಎಲ್ಲರೂ ಹೊಗಳಿದರು. ಮುಂದಿನ ಸಲ 16. ‘ಹೊಗಳಿದ್ದೇ ತಪ್ಪಾಯಿತು, ತಲೆ ತಿರುಗಿತು.’ ಅವಳು ಬೈಗಳಿಂದ ಮೇಲೇರಲಿಲ್ಲ, ಹೊಗಳಿಕೆಯಿಂದ ಕೆಳಗಿಳಿಯಲಿಲ್ಲ. ಎರಡು ಸಲವೂ ತನ್ನ 15ರ ಕಡೆಗೆ ಮರಳಿದಳು. ನಾಣ್ಯದ ಪ್ರಯೋಗಕ್ಕೆ ಉಪಕರಣ ಬೇಕಿಲ್ಲ. ಇಪ್ಪತ್ತು ಮೂವತ್ತು ಮಂದಿ ಸೇರುವ ತರಗತಿಯಲ್ಲಿ ಒಂದು ಅಳತೆ ಟೇಪು ಇದ್ದರೆ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದು. ಪೋಷಕರ ಸಭೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಮಕ್ಕಳೂ ದೊಡ್ಡವರನ್ನು ಪಳಗಿಸುತ್ತಾರೆ ಎಂಬುದನ್ನು ಮರೆಯಬಾರದು. ಅಂಗಡಿಯ ಮುಂದೆ ಚಾಕೊಲೇಟಿಗೆ ರಚ್ಚೆ ಹಿಡಿದ ಮಗುವಿಗೆ ತಾಯಿ ನಾಲ್ಕು ದಿನ ಇಲ್ಲವೆಂದು, ಐದನೆಯ ದಿನ ಜನ ನೋಡುತ್ತಾರೆಂದು ಕೊಡಿಸಿಬಿಟ್ಟರೆ ಮಗುವಿಗೆ ಚಾಕೊಲೇಟು, ತಾಯಿಗೆ ನಿಶ್ಶಬ್ದ, ಇಬ್ಬರಿಗೂ ಪುನರ್ಬಲನ. ನಾಲ್ಕು ದಿನದ ನಿರಾಕರಣೆ ವ್ಯರ್ಥವಾದದ್ದಷ್ಟೇ ಅಲ್ಲ, ತಿರುಗುಬಾಣವಾಗುತ್ತದೆ. ಇದರ ಸುಳಿವು ಸ್ಕಿನ್ನರ್‌ಗೆ ಸಿಕ್ಕಿದ್ದು ಬಡತನದ ದೆಸೆಯಿಂದ ಎನ್ನಬೇಕು. ಗುಳಿಗೆಗಳನ್ನು ಕೈಯಂತ್ರದಲ್ಲಿ ಒಂದೊಂದಾಗಿ ತಯಾರಿಸಿಕೊಳ್ಳಬೇಕಾಗಿದ್ದ ಕಾಲ ಅದು. ಒಂದು ಶನಿವಾರ ನೋಡುತ್ತಾರೆ, ದಾಸ್ತಾನು ಸೋಮವಾರ ಬೆಳಿಗ್ಗೆಯವರೆಗೂ ಬರುವಂತಿಲ್ಲ. ಮಧ್ಯಾಹ್ನವೆಲ್ಲ ಗುಳಿಗೆ ಒತ್ತುತ್ತ ಕೂರುವ ಬದಲು, ಪ್ರತಿ ಒತ್ತಿಗೂ ಗುಳಿಗೆ ಕೊಡದೆ ನಿಮಿಷಕ್ಕೊಂದು ಮಾತ್ರ ಬೀಳುವಂತೆ ಮಾಡಿದರು. ಇಲಿಗಳು ಬಿಡದೆ ಒತ್ತುತ್ತಲೇ ಹೋದವು. ಹೀಗೆ ಆಗೊಮ್ಮೆ ಈಗೊಮ್ಮೆ ಫಲ ಕಂಡ ಅಭ್ಯಾಸ, ಪ್ರತಿ ಸಲ ಫಲ ಕಂಡ ಅಭ್ಯಾಸಕ್ಕಿಂತ ನಿಧಾನವಾಗಿ ಆರುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ದೃಢಪಟ್ಟಿತು. ಲಾಟರಿ, ಜೂಜಿನ ಯಂತ್ರಗಳ ಮುಂದೆ ಜನ ಮನೆ ಮಾರಿಕೊಳ್ಳುವುದರ ಹಿಂದೆಯೂ, ಕೈಯಲ್ಲಿನ ಮೊಬೈಲನ್ನು ಗಳಿಗೆಗೊಮ್ಮೆ ತೆಗೆದು ನೋಡುವುದರ ಹಿಂದೆಯೂ ಇದೇ ಸೂತ್ರವಿದೆ. ಚಾಕೊಲೇಟು ಕೊಡಿಸುವುದಾದರೆ ಮಗು ಅಳುವ ಮೊದಲೇ ಕೊಡಿಸುವುದು ವಾಸಿ.

ಬೆತ್ತ ಬೇಡ, ಬಹುಮಾನ ಕೊಟ್ಟರಾಯಿತು ಎನ್ನುವವರೂ ಸ್ವಲ್ಪ ತಡೆಯಬೇಕು. ನಿಗದಿತ ಕಾಲಕ್ಕೊಮ್ಮೆ ಮಾತ್ರ ಫಲ ಸಿಗುವುದಾದರೆ, ಪಾರಿವಾಳ ಕಾಳು ತಿಂದೊಡನೆ ವಿಶ್ರಾಂತಿ ಪಡೆದು, ಮುಂದಿನ ಸರದಿ ಹತ್ತಿರವಾದಂತೆ ಕುಕ್ಕುವ ವೇಗ ಹೆಚ್ಚಿಸುತ್ತದೆ. ಜೂನ್, ಜುಲೈಯಲ್ಲಿ ಮುಚ್ಚಿದ್ದ ಪುಸ್ತಕ ಫೆಬ್ರವರಿಯಲ್ಲಿ ತೆರೆದುಕೊಳ್ಳುವುದು ಸೋಮಾರಿತನವಷ್ಟೇ ಅಲ್ಲ; ಪರೀಕ್ಷೆಯ ವೇಳಾಪಟ್ಟಿಯೂ ಅದನ್ನೇ ಕಲಿಸುತ್ತದೆ. 1947ರಿಂದ 1968ರವರೆಗೆ ಅಮೆರಿಕದ ಕಾಂಗ್ರೆಸ್ಸು ಮಸೂದೆಗಳನ್ನು ಅಂಗೀಕರಿಸಿದ ರೀತಿಯನ್ನು ನಕ್ಷೆ ಬರೆದು ನೋಡಿದಾಗಲೂ ಪಾರಿವಾಳದ ಅದೇ ಗೆರೆ ಮೂಡಿತೆಂದು 1972ರ ಪ್ರಬಂಧವೊಂದು ತೋರಿಸಿದೆ. ಅಧಿವೇಶನದ ಆರಂಭದಲ್ಲಿ ತೂಕಡಿಕೆ, ಕೊನೆಯಲ್ಲಿ ಧಾವಂತ!

ಇನ್ನೂ ಯೋಚಿಸಬೇಕಾದದ್ದು 1973ರ ಒಂದು ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನರ್ಸರಿಯಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ಈಗಾಗಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನಷ್ಟೇ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಸಂಗಡಿಗರು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್ನು ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಎರಡನೆಯ ಗುಂಪಿಗೆ ಮೊದಲು ಹೇಳದೆ, ಬರೆದಾದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರಗಳ ನಂತರ ಬಿಡುವಿನ ವೇಳೆಯಲ್ಲಿ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ಮರೆಯಿಂದ ಗಮನಿಸಿದರು. ಏನೂ ಪಡೆಯದ ಮಕ್ಕಳು ಆ ವೇಳೆಯ ಶೇಕಡಾ 16.7ನ್ನು, ಅನಿರೀಕ್ಷಿತವಾಗಿ ಪಡೆದವರು ಶೇಕಡಾ 18.1ನ್ನು ಚಿತ್ರ ಬರೆಯುತ್ತ ಕಳೆದರು. ಮಾತು ಕೊಟ್ಟು ಬಹುಮಾನ ಪಡೆದವರು? ಶೇಕಡಾ 8.6 ಮಾತ್ರ. ಆಟವಾಗಿದ್ದದ್ದು ಅವರಿಗೆ ಕೂಲಿಯ ಕೆಲಸವಾಗಿಬಿಟ್ಟಿತ್ತು. ಕಥೆಪುಸ್ತಕ ಓದುವ ಹುಡುಗಿಗೆ ‘ಪುಸ್ತಕಕ್ಕೆ ಹತ್ತು ರೂಪಾಯಿ’ ಎಂದು ಆಸೆ ಹುಟ್ಟಿಸುವ ಮಾವಂದಿರು ಈ ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬಹುಮಾನದ ಈ ಹಾನಿ ಎಷ್ಟು ವ್ಯಾಪಕ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ 1990ರ ದಶಕದಲ್ಲಿ ಬಿರುಸಿನ ಜಗಳವೇ ನಡೆಯಿತು. ಮೊದಲೇ ಬೇಸರ ತರಿಸುವ ಕೆಲಸಕ್ಕೆ, ಉದಾಹರಣೆಗೆ ಮಗ್ಗಿ ಕಲಿಯುವುದಕ್ಕೆ, ಪುಟ್ಟ ಬಹುಮಾನದಿಂದ ಕೆಡುಕಾಗುವುದು ಕಾಣೆ.

ಶಾಲೆಯಲ್ಲಿ ಬೆತ್ತದ ಪ್ರಶ್ನೆಯನ್ನು ಕಾನೂನು ತೀರ್ಮಾನಿಸಿಬಿಟ್ಟಿದೆ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಂಗಿಸುವುದು, ಎಲ್ಲರೆದುರು ಅವಮಾನ ಮಾಡುವುದು ಕೂಡ ಈ ಎರಡನೆಯ ಮಾತಿನೊಳಗೆ ಬರುತ್ತದೆ. ಆದರೆ ಬೆತ್ತ ಇಟ್ಟ ಕೈಗೆ ಬೇರೇನನ್ನು ಕೊಡಬೇಕು ಎಂಬುದನ್ನು ಕಾಯಿದೆ ಹೇಳುವುದಿಲ್ಲ. ಉಪಾಧ್ಯಾಯರ ಗೊಣಗಾಟದಲ್ಲಿ ಅಷ್ಟರ ಮಟ್ಟಿಗೆ ನ್ಯಾಯವಿದೆ.

1953ರ ನವೆಂಬರಿನಲ್ಲಿ ಸ್ಕಿನ್ನರ್ ತಮ್ಮ ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠ ನೋಡಲು ಹೋಗಿ ಹಿಂದೆ ಕುಳಿತಿದ್ದರು. ಹಲಗೆಯ ಮೇಲಿನ ಲೆಕ್ಕಗಳನ್ನು ಕೆಲವರು ಬೇಗ ಮುಗಿಸಿ ಚಡಪಡಿಸುತ್ತಿದ್ದರು, ಕೆಲವರು ಮೊದಲ ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದರು. ಮಾಡಿದ್ದು ಸರಿಯೋ ತಪ್ಪೋ ಯಾರಿಗೂ ಕೂಡಲೇ ತಿಳಿಯುವಂತಿರಲಿಲ್ಲ. ಇಲಿಗೆ ಒಂದು ಸೆಕೆಂಡಿನೊಳಗೆ ಸಿಗುವ ಉತ್ತರ ಮಕ್ಕಳಿಗೆ ಮರುದಿನ ಸಿಗುತ್ತಿತ್ತು. ಮನೆಗೆ ಮರಳಿದ ಸ್ಕಿನ್ನರ್ ಕೆಲವೇ ದಿನಗಳಲ್ಲಿ ಬೋಧನ ಯಂತ್ರವೊಂದನ್ನು ಕಟ್ಟತೊಡಗಿದರು. ಒಂದು ಚಿಕ್ಕ ಪ್ರಶ್ನೆ, ಉತ್ತರ ಕೊಟ್ಟೊಡನೆ ಸರಿಯೇ ಎಂಬ ತಿಳಿವು, ಆಮೇಲೆ ಸ್ವಲ್ಪವೇ ಕಷ್ಟದ ಮುಂದಿನ ಪ್ರಶ್ನೆ. ಆ ಯಂತ್ರಗಳು 1960ರ ದಶಕದಲ್ಲಿ ಸ್ವಲ್ಪ ಕಾಲ ಸದ್ದು ಮಾಡಿ ಮೂಲೆಗೆ ಸರಿದವು. ಅವು ಮಾಡುತ್ತಿದ್ದ ಕೆಲಸಕ್ಕೆ ಯಂತ್ರವೇ ಬೇಕೆಂದೇನೂ ಇಲ್ಲ. ಮನೆಯಲ್ಲಿ ಹತ್ತು ಲೆಕ್ಕ ಕೊಟ್ಟು ಎಲ್ಲ ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಕೂರುವ ಬದಲು, ಮೊದಲ ಎರಡು ಲೆಕ್ಕ ಆದ ಕೂಡಲೇ ನೋಡಬಹುದು. ಸರಿಯಿದ್ದರೆ ಸರಿಯೆಂದು ಹೇಳಿ ಮುಂದುವರಿಸುವುದು. ದಶಕ ತರುವುದನ್ನು ಮರೆತಿದ್ದರೆ ಅಲ್ಲೇ ತೋರಿಸಿಕೊಡುವುದು. ಇಲ್ಲವಾದರೆ ಉಳಿದ ಎಂಟರಲ್ಲೂ ಮಗು ಅದೇ ತಪ್ಪನ್ನು ಎಂಟು ಸಲ ಅಭ್ಯಾಸ ಮಾಡಿರುತ್ತದೆ.